ನಾಗವೇಣಿಯ ಬೆರಳಪಟ್ಟಿ

ನನ್ನ ನಿವೃತ್ತಿಯ ದಿನ ಶಾಲೆಯ ಸಮಾರಂಭದಲ್ಲಿ ಆರು ಜನ ಮಾತಾಡಿದರು. ಆರೂ ಜನ ನನ್ನ ಶಿಸ್ತನ್ನು ಹೊಗಳಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಟಿ ಊದಿದವಳ ಬಗ್ಗೆ ಬೇರೆ ಏನು ಹೇಳಬೇಕೆಂದು ಅವರಿಗೂ ತೋಚಿರಲಿಕ್ಕಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ ಹೊತ್ತುಕೊಂಡು ಕುಮಟಾದ ಮನೆಗೆ ಬಂದೆ. ಈಗ ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ಫೋನು ಮಾಡಿ ನಿಮ್ಮ ಅನುಭವ ಹೇಳಿ ಮೇಡಂ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಗೆದ್ದ ಕಪ್ಪುಗಳ ಕಥೆ. ಕಪ್ಪುಗಳು ಶಾಲೆಯ ಕಪಾಟಿನಲ್ಲಿವೆ, ಹೋಗಿ ನೋಡಬಹುದು. ನಾನು ಬರೆಯುತ್ತಿರುವುದು ಕಪಾಟಿನಲ್ಲಿ ಇಲ್ಲದ ಒಂದು ವಿಷಯ.

ಮೊದಲು ಕೆಲಸ ಎಂಥದ್ದು ಎಂದು ಹೇಳಿಬಿಡುತ್ತೇನೆ. ಶಾಲೆಯಲ್ಲಿ ಪಿ.ಟಿ. ಟೀಚರ್ ಎಂದರೆ ಕೈ ಖಾಲಿ ಇರುವವಳು ಎಂದೇ ಲೆಕ್ಕ. ಗಣಿತದವರು ರಜೆ ಹಾಕಿದರೆ ಆ ತರಗತಿಗೆ ನಾವು. ಮಗುವಿಗೆ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ನಾವು. ಶಾಸಕರು ಬರುತ್ತಾರೆ ಎಂದರೆ ಬಿಸಿಲಿನಲ್ಲಿ ಸಾಲು ನಿಲ್ಲಿಸುವುದಕ್ಕೆ ನಾವು. ಮಳೆಗಾಲದಲ್ಲಿ ನಾಲ್ಕು ತಿಂಗಳು ಮೈದಾನವೇ ಇರುವುದಿಲ್ಲ, ಕಪ್ಪೆಗಳ ಪಾಲು. ಇಷ್ಟರ ನಡುವೆ ಉಳಿದ ಹೊತ್ತಿನಲ್ಲಿ ಆಟ ಕಲಿಸಬೇಕು. ನಾನು ಸೇರಿದಾಗ ಕಲಿಸುವ ವಿಧಾನವೆಂದರೆ ಸೀಟಿ, ಕೂಗು, ಒಮ್ಮೊಮ್ಮೆ ಬೆತ್ತ. ಕೊನೆಯ ವರ್ಷಗಳಲ್ಲಿ ಮೊಬೈಲಿನಲ್ಲಿ ಮಕ್ಕಳ ಆಟವನ್ನು ಹಿಡಿದು, ನಿಧಾನಗತಿಯಲ್ಲಿ ತೋರಿಸಿ, ನೋಡು ನಿನ್ನ ಭುಜ ಎಲ್ಲಿ ಹೋಯಿತು ಎನ್ನುವ ಕಾಲ ಬಂತು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಬೆತ್ತ ಸುಳ್ಳು ಹೇಳಬಹುದು, ವಿಡಿಯೋ ಹೇಳುವುದಿಲ್ಲ. ಆದರೆ ವಿಡಿಯೋ ಇಟ್ಟುಕೊಂಡವರು ಸುಳ್ಳು ಹೇಳಬಹುದು. ಅದಕ್ಕೂ ಮುಂದೆ ಬರುತ್ತೇನೆ.

ಶಿರಾಲಿಯ ಹತ್ತಿರ ಹೆದ್ದಾರಿ ಪಕ್ಕದ ಒಂದು ಹೈಸ್ಕೂಲಿನಲ್ಲಿ ನಾನಿದ್ದಾಗ ಒಂದು ದಿನ ಮೇಲಿನಿಂದ ದೊಡ್ಡ ಪೆಟ್ಟಿಗೆ ಬಂತು. ಅದರಲ್ಲಿ ಎರಡು ಬಿದಿರಿನ ಬಿಲ್ಲು, ಒಂದಷ್ಟು ಬಾಣ, ಬಣ್ಣದ ಕಾಗದದ ಗುರಿಫಲಕ ಇದ್ದವು. ಜೊತೆಗೆ ಬಿಲ್ಲುಗಾರಿಕೆಯನ್ನು ಪ್ರೋತ್ಸಾಹಿಸತಕ್ಕದ್ದು ಎಂಬ ಸುತ್ತೋಲೆ. ಹೆಡ್ ಮಾಸ್ತರು ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಪ್ರೋತ್ಸಾಹಿಸಿ ಎಂದರು. ಕಬಡ್ಡಿ, ಖೋಖೋ, ಥ್ರೋಬಾಲ್ ಬಿಟ್ಟು ಬೇರೆ ಆಟ ಕಾಣದ ನಾನು ಐವತ್ತು ದಾಟಿದ ಮೇಲೆ ಬಿಲ್ಲು ಹಿಡಿದೆ. ಮೊದಲ ದಿನವೇ ಹೆದೆ ಬಂದು ಎಡಗೈಗೆ ಬಡಿದು ಮೊಣಕೈವರೆಗೆ ನೀಲಿ ಬಾವು ಬಂತು. ಒಂದು ವಾರ ಉದ್ದ ತೋಳಿನ ಕುಪ್ಪಸ ಹಾಕಿಕೊಂಡು ಓಡಾಡಿದೆ, ಮಕ್ಕಳಿಗೆ ಗೊತ್ತಾದರೆ ಮಾನ ಹೋಗುತ್ತದೆ ಎಂದು. ಮಾನದ ಬಗ್ಗೆ ನನಗಿದ್ದ ಈ ಚಿಂತೆಯನ್ನು ನೆನಪಿಟ್ಟುಕೊಳ್ಳಿ, ನನ್ನ ತಪ್ಪುಗಳೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ನಾಗವೇಣಿ ಮುಟ್ಟಳ್ಳಿಯಿಂದ ಬರುತ್ತಿದ್ದ ಹುಡುಗಿ. ಒಂಬತ್ತನೇ ತರಗತಿಯಲ್ಲಿದ್ದಾಗ ಬಿದ್ದ ಬಾಣ ಹೆಕ್ಕಿಕೊಡಲು ಬಂದವಳು, ಒಂದು ಸಲ ನಾನೂ ಬಿಡಲಾ ಅಕ್ಕೋರೇ ಎಂದು ಕೇಳಿದಳು. ನಮ್ಮ ಕಡೆ ಮಕ್ಕಳು ಟೀಚರನ್ನು ಅಕ್ಕೋರು ಎಂದೇ ಕರೆಯುವುದು. ಬಿಟ್ಟಳು. ಬಾಣ ಹೋಗಿ ಫಲಕದ ಕೆಂಪಿಗೆ ನೆಟ್ಟಿತು. ಅದೃಷ್ಟ ಎಂದುಕೊಂಡೆ. ಎರಡನೆಯದೂ ಅಲ್ಲೇ ಹೋಯಿತು. ಮೂರನೆಯದನ್ನು ಬಿಡುವಾಗ ಅವಳ ಬಲಗೈ ನೋಡಿದೆ. ಉಂಗುರಬೆರಳಿನ ಮೇಲಿನ ಗಿಣ್ಣು ಇರಲಿಲ್ಲ. ಸಣ್ಣವಳಿದ್ದಾಗ ಭತ್ತದ ಕೊಯ್ಲಿನಲ್ಲಿ ಕತ್ತಿ ತಾಗಿ ಹೋದದ್ದಂತೆ.

ಹೆದೆಯನ್ನು ಎಳೆಯುವುದು ಮೂರು ಬೆರಳಿನಿಂದ. ಬೆರಳಿಗೆ ಗಾಯವಾಗದಂತೆ ಒಂದು ಚಪ್ಪಟೆ ಪಟ್ಟಿ ಹಾಕಿಕೊಳ್ಳುತ್ತಾರೆ. ನಾವು ಅದಕ್ಕೆ ಬೆರಳಪಟ್ಟಿ ಎನ್ನುತ್ತಿದ್ದೆವು. ಪೆಟ್ಟಿಗೆಯಲ್ಲಿ ಬಂದದ್ದು ರಬ್ಬರಿನದು, ಮೂರು ಪೂರ್ಣ ಬೆರಳಿನ ಅಳತೆಯದು. ನಾಗವೇಣಿಯ ಕೈಯಲ್ಲಿ ಅದರ ಮೂರನೆಯ ಭಾಗ ಸುಮ್ಮನೆ ಜೋತಾಡುತ್ತಿತ್ತು. ಬಾಣ ಬಿಡುವಾಗ ಅದು ಮಡಚಿ, ಹೆದೆ ನೇರ ಬೆರಳಿನ ಮೊಂಡು ತುದಿಗೆ ಬಡಿಯುತ್ತಿತ್ತು. ಅವಳು ಹೇಳಲಿಲ್ಲ. ಸಮವಸ್ತ್ರದ ಲಂಗದ ಮೇಲೆ ಕಂದು ಕಲೆ ಕಂಡು ನಾನೇ ಕೈ ಹಿಡಿದು ತಿರುಗಿಸಿ ನೋಡಿದೆ. ಚರ್ಮ ಎದ್ದುಹೋಗಿತ್ತು. ಎಷ್ಟು ದಿನದಿಂದ ಎಂದರೆ, ಮೊದಲಿನಿಂದ ಎಂದಳು.

ಅವಳು ಹತ್ತನೇ ತರಗತಿಗೆ ಬರುವ ಹೊತ್ತಿಗೆ ಜಿಲ್ಲೆಯಲ್ಲಿ ಅವಳ ಸಮಕ್ಕೆ ಬಿಲ್ಲು ಹಿಡಿಯುವವರು ಇರಲಿಲ್ಲ. ಆ ವರ್ಷದ ಕೊನೆಗೆ ಧಾರವಾಡದಲ್ಲಿ ರಾಜ್ಯಮಟ್ಟದ ಆಯ್ಕೆ ಇತ್ತು. ಆಯ್ಕೆಯಾದವರನ್ನು ಕ್ರೀಡಾ ವಸತಿಶಾಲೆಗೆ ತೆಗೆದುಕೊಳ್ಳುತ್ತಿದ್ದರು. ಊಟ, ಓದು, ತರಬೇತಿ ಎಲ್ಲ ಅಲ್ಲಿಯೇ. ವಯಸ್ಸಿನ ನಿಯಮದ ಪ್ರಕಾರ ಅವಳಿಗೆ ಅದೊಂದೇ ವರ್ಷ ಅವಕಾಶ. ಅದು ತಪ್ಪಿದರೆ ಅಕ್ಕನ ಹಾಗೆ ಭಟ್ಕಳದ ಬಟ್ಟೆ ಅಂಗಡಿಗೆ ಸೇರಿಸುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಬಟ್ಟೆ ಅಂಗಡಿ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗಿ ಬಿಲ್ಲೆತ್ತಿ ನಿಂತಾಗ ಅವಳ ಮುಖ ನೋಡಿದವರು ಅವಳನ್ನು ಅಲ್ಲಿಗೆ ಕಳಿಸಲು ಒಪ್ಪುತ್ತಿರಲಿಲ್ಲ.

ಬೇರೆ ಬೆರಳಪಟ್ಟಿ ಬೇಕೆಂದು ಕಚೇರಿಗೆ ಬರೆದೆ. ಒದಗಿಸಿದ ಸಾಮಗ್ರಿಯನ್ನೇ ಬಳಸತಕ್ಕದ್ದು ಎಂದು ಉತ್ತರ ಬಂತು. ಆನ್‌ಲೈನಿನಲ್ಲಿ ತರಿಸಿದೆ. ಬಂದವೆಲ್ಲ ಪೂರ್ಣ ಬೆರಳಿನವರಿಗೆ ಮಾಡಿದವು. ಆಗ ತಿಮ್ಮಣ್ಣನ ನೆನಪಾಯಿತು.

ನಾನು ಬಸ್ಸು ಬದಲಿಸುತ್ತಿದ್ದುದು ಹೊನ್ನಾವರದಲ್ಲಿ. ಅಲ್ಲಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ತಿಮ್ಮಣ್ಣನ ಅಂಗಡಿ. ಕೈಹೊಲಿಗೆಯ ಚಪ್ಪಲಿ, ತೆಂಗಿನ ಮರ ಹತ್ತುವವರಿಗೆ ಸೊಂಟದ ಪಟ್ಟಿ ಮಾಡುತ್ತಿದ್ದ. ಎಪ್ಪತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ನಾನು ರಬ್ಬರಿನ ಪಟ್ಟಿಯನ್ನು ತೋರಿಸಿ, ಹುಡುಗಿಯ ಬೆರಳಿನ ವಿಷಯ ಹೇಳಿ, ಹೀಗೊಂದು ಚರ್ಮದಲ್ಲಿ ಮಾಡಿಕೊಡು ಎಂದೆ. ಅವನು ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

"ನಂಗೆ ಚರ್ಮ ಗೊತ್ತು, ಬಿಲ್ಲು ಗೊತ್ತಿಲ್ಲ. ನಿಮ್ಗೆ ಬಿಲ್ಲು ಗೊತ್ತು, ಚರ್ಮ ಗೊತ್ತಿಲ್ಲ. ಯಾರಾದ್ರೂ ಒಬ್ರು ಕಲೀಬೇಕು. ನಾ ಈ ವಯಸ್ಸಲ್ಲಿ ಬಿಲ್ಲು ಹಿಡ್ದು ಎಂತ ಮಾಡೂದು? ನೀವೇ ರಂಪಿಗೆ ಹಿಡೀರಿ" ಎಂದ.

ರಂಪಿಗೆ ಎಂದರೆ ಚರ್ಮ ಕೊಯ್ಯುವ, ಅಂಚು ಹೆರೆಯುವ ಅಗಲ ಬಾಯಿಯ ಉಳಿ. ಮರುದಿನ ಸಂಜೆಯಿಂದ ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ ಅವನೆದುರು ಕೂತೆ. ಒಂದು ವಿಷಯ ಇಲ್ಲಿ ಬರೆಯಲೇಬೇಕು. ಮೊದಲ ದಿನ ಕೂರುವಾಗ ನಾನು ಸೀರೆಯ ಸೆರಗು ಎತ್ತಿ ಮಡಿಲಲ್ಲಿ ಒತ್ತಿಕೊಂಡೆ, ಎಲ್ಲಿಯೂ ತಾಗದ ಹಾಗೆ. ತಿಮ್ಮಣ್ಣ ಅದನ್ನು ನೋಡಿದ. ಒಂದು ಹಳೆಯ ಪೇಪರನ್ನು ನೆಲಕ್ಕೆ ಹಾಸಿಕೊಟ್ಟ. ಸಮಾನತೆಯ ಬಗ್ಗೆ ಪ್ರಾರ್ಥನೆಯ ಹೊತ್ತಿಗೆ ಎಷ್ಟು ಭಾಷಣ ಮಾಡಿದ್ದೆನೋ ನಾನು. ಈಗ ನೆನೆದರೂ ನಾಚಿಕೆಯಾಗುತ್ತದೆ.

ನಾಲ್ಕನೆಯ ದಿನಕ್ಕೆ ಸುದ್ದಿ ಹೆಡ್ ಮಾಸ್ತರಿಗೆ ಮುಟ್ಟಿತು. ಚಪ್ಪಲಿ ಅಂಗಡಿಯಲ್ಲಿ ಟೀಚರು ಕೂರುತ್ತಾರೆ, ಪೋಷಕರು ಮಾತಾಡಿಕೊಳ್ಳುತ್ತಿದ್ದಾರೆ ಎಂದರು. ಯಾವ ಪೋಷಕರು, ಹೆಸರು ಹೇಳಿ, ನಾನೇ ಹೋಗಿ ವಿವರಿಸುತ್ತೇನೆ ಎಂದೆ. ಹೆಸರಿಟ್ಟು ಯಾರೂ ಹೇಳಿಲ್ಲ ಎಂದರು. ಹೆಸರಿರುವವರು ಬರುವ ತನಕ ಕೂರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಹೊಸಬರಿಗೆ ಇದೊಂದು ಕಿವಿಮಾತು: ಮೇಲಿನವರು "ಜನ ಹೇಳುತ್ತಾರೆ" ಎಂದಾಗ ಹೆಸರು ಕೇಳಿ, ಹತ್ತರಲ್ಲಿ ಒಂಬತ್ತು ಸಲ ಜನವೇ ಇರುವುದಿಲ್ಲ.

ಚರ್ಮ ನನಗೆ ಸುಲಭಕ್ಕೆ ಒಲಿಯಲಿಲ್ಲ. ತಿಮ್ಮಣ್ಣ ಕೊಟ್ಟದ್ದು ಅಳಲೆಕಾಯಿ, ತೊಗಟೆ ಹಾಕಿ ಹದ ಮಾಡಿದ ಹಳೆಯ ಕಾಲದ ಚರ್ಮ. ಅದಕ್ಕೆ ಎರಡು ಮುಖ. ಕೂದಲಿದ್ದ ಬದಿ ನುಣುಪು, ಮಾಂಸವಿದ್ದ ಬದಿ ಒರಟು. ಗೆರೆ ಚೆನ್ನಾಗಿ ಕಾಣುತ್ತದೆಂದು ನಾನು ಒರಟು ಬದಿಯ ಮೇಲೆ ನಾಗವೇಣಿಯ ಕೈಯ ನಕ್ಷೆ ಇಟ್ಟು, ಪೆನ್ಸಿಲಿನಲ್ಲಿ ಬರೆದು, ಉಸಿರು ಹಿಡಿದು ಕೊಯ್ದೆ. ತಿರುಗಿಸಿದರೆ ಅದು ಎಡಗೈಯ ಪಟ್ಟಿ ಆಗಿತ್ತು. ತಿಮ್ಮಣ್ಣ ನಗಲಿಲ್ಲ. ಇನ್ನೊಂದು ತುಂಡು ಕೊಟ್ಟ. ಎರಡನೆಯದು ಹೊಟ್ಟೆಯ ಭಾಗದ ಚರ್ಮ, ಮೆತ್ತಗಿದೆ ಎಂದು ನಾನೇ ಆರಿಸಿದ್ದು. ಎರಡು ದಿನದ ಅಭ್ಯಾಸಕ್ಕೆ ಹಿಗ್ಗಿ ಕಿವಿಯ ಹಾಗೆ ಜೋತುಬಿತ್ತು. ಆಮೇಲೆ ಅವನು ನನ್ನ ಕಣ್ಣು ಮುಚ್ಚಿಸಿ, ಚರ್ಮವನ್ನು ಅತ್ತ ಇತ್ತ ಎಳೆಸಿ, ಎತ್ತ ಹಿಗ್ಗುತ್ತದೆ ಎತ್ತ ಹಿಗ್ಗುವುದಿಲ್ಲ ಎಂದು ಬೆರಳಿಗೆ ತಿಳಿಯುವ ತನಕ ಬಿಡಲಿಲ್ಲ. ಮೂವತ್ತು ವರ್ಷ ಬೇರೆಯವರಿಗೆ ಇನ್ನೊಂದು ಸಲ, ಇನ್ನೊಂದು ಸಲ ಎಂದು ಹೇಳಿದವಳಿಗೆ ಆ ಮಾತು ಕೇಳಿಸಿಕೊಳ್ಳುವುದು ಎಂಥದ್ದು ಎಂದು ಅಲ್ಲಿ ಗೊತ್ತಾಯಿತು.

ಮೂರನೆಯದು ಬೆನ್ನಿನ ಚರ್ಮ. ಹೆದೆ ತಾಗುವ ಕಡೆ ನುಣುಪು ಬದಿ, ಒಳಗೆ ಬೆರಳಿಗೆ ತಾಗುವಂತೆ ಆಡಿನ ತೆಳು ಚರ್ಮ, ನಡುವೆ ಹುಣಸೆ ಬೀಜದ ಅಂಟು. ಉಂಗುರಬೆರಳಿನ ಭಾಗವನ್ನು ಗಿಡ್ಡ ಮಾಡಿ, ಗಿಣ್ಣು ಇಲ್ಲದ ಜಾಗಕ್ಕೆ ಚರ್ಮವನ್ನೇ ಮಡಚಿ ಸಣ್ಣ ದಿಂಬಿನಂತೆ ಹೊಲಿದೆ. ಮೊಂಡು ತುದಿ ಅದರ ಮೇಲೆ ಒರಗಿದರೆ ಮೂರು ಬೆರಳಿಗೂ ಭಾರ ಸಮ ಹಂಚಬೇಕು ಎಂಬುದು ನನ್ನ ಎಣಿಕೆ. ಮೇಣ ಹಚ್ಚಿದ ದಾರ ನನ್ನ ಕಿರುಬೆರಳನ್ನು ಎರಡು ಕಡೆ ಕೊಯ್ದಿತು. ಕೊನೆಗೆ ಅದನ್ನು ನೀರಿನಲ್ಲಿ ನೆನೆಸಿ, ಹಸಿಯಾಗಿರುವಾಗಲೇ ನಾಗವೇಣಿಯ ಬೆರಳಿಗೆ ಬಟ್ಟೆಯಿಂದ ಸುತ್ತಿ, ಒಣಗುವ ತನಕ ಬಿಚ್ಚಬಾರದು ಎಂದೆ. ಆ ಕೈ ಹಿಡಿದುಕೊಂಡೇ ಅವಳು ಎರಡು ಪೀರಿಯಡ್ಡು ಗಣಿತ ಕೇಳಿದಳು. ಬರೆಯುವ ಕೈಯನ್ನೇ ಕಟ್ಟಿಹಾಕಿದ್ದೀರಲ್ಲ ಎಂದು ಗಣಿತದವರು ನನ್ನ ಮೇಲೆ ಹರಿಹಾಯ್ದರು.

ಸಂಜೆ ಅದನ್ನು ಹಾಕಿಕೊಂಡು ಅವಳು ಬಾಣ ಬಿಟ್ಟಳು. ಹೆದೆ ಬೆರಳಿನಿಂದ ಜಾರಿದ ಸದ್ದೇ ಬೇರೆ ಇತ್ತು. ಅವಳು ಬಿಲ್ಲು ಇಳಿಸಿ, ಬೆರಳಿನ ತುದಿ ನೋಡಿಕೊಂಡು, "ನೋವಾಗ್ಲಿಲ್ಲ ಅಕ್ಕೋರೇ" ಎಂದಳು. ಆ ಹೊತ್ತಿಗೆ ಯಾರಾದರೂ ನನ್ನ ಕೈಯಲ್ಲಿ ರಾಜ್ಯದ ಕಪ್ಪು ಇಟ್ಟಿದ್ದರೆ ಪಕ್ಕಕ್ಕಿಡಿ ಎನ್ನುತ್ತಿದ್ದೆ.

ಧಾರವಾಡಕ್ಕೆ ಹೊರಡಲು ಒಂದು ವಾರ ಇರುವಾಗ ಬೆವರು ಕುಡಿದು ಕುಡಿದು ಪಟ್ಟಿ ಸ್ವಲ್ಪ ಬಿರುಸಾಯಿತು. ತಿಮ್ಮಣ್ಣನಿಗೆ ತೋರಿಸಿದೆ. ಒಂದು ತೊಟ್ಟು ಹರಳೆಣ್ಣೆ ಬೆರಳಲ್ಲಿ ಸವರಿ ಒರೆಸಿಬಿಡಿ, ಬೇರೆ ಎಂತದೂ ಹಾಕಬೇಡಿ, ಹೆಚ್ಚೂ ಹಾಕಬೇಡಿ ಎಂದ. ಹಾಗೇ ಮಾಡುತ್ತಿದ್ದೆ. ಹೊರಡುವ ಹಿಂದಿನ ದಿನ ನೋಡಿದರೆ ಹರಳೆಣ್ಣೆ ಮುಗಿದಿತ್ತು. ಅಂಗಡಿಗೆ ಹೋಗಿ ತರಬಹುದಿತ್ತು. ಮನೆಯಲ್ಲಿ ನಮ್ಮದೇ ಕೊಬ್ಬರಿ ಗಾಣಕ್ಕೆ ಕೊಟ್ಟು ತೆಗೆಸಿದ ತೆಂಗಿನೆಣ್ಣೆ ಕಣ್ಣೆದುರು ಇತ್ತು. ಕರಾವಳಿಯ ಮನೆಯಲ್ಲಿ ಹುಟ್ಟಿದವರಿಗೆ ತೆಂಗಿನೆಣ್ಣೆಗಿಂತ ಒಳ್ಳೆಯ ಎಣ್ಣೆ ಇದೆ ಎಂದು ನಂಬಿಸುವುದು ಕಷ್ಟ. ತಲೆಗೆ ಅದು, ಒಗ್ಗರಣೆಗೆ ಅದು, ಸುಟ್ಟ ಗಾಯಕ್ಕೆ ಅದು, ಕಿರುಗುಟ್ಟುವ ಬಾಗಿಲಿಗೂ ಅದು. ನಾನು ಬೆರಳಲ್ಲಿ ಸವರಲಿಲ್ಲ. ಬಟ್ಟಲಿಗೆ ಸುರಿದು ಪಟ್ಟಿಯನ್ನು ಮುಳುಗಿಸಿ ಇಟ್ಟೆ, ಚೆನ್ನಾಗಿ ಕುಡಿಯಲಿ ಎಂದು. ಮಧ್ಯಾಹ್ನಕ್ಕೆ ಅದು ಬೆಣ್ಣೆಯಂತಾಗಿತ್ತು. ಅವತ್ತಿನ ಅಭ್ಯಾಸದಲ್ಲಿ ನಾಗವೇಣಿ ಹಿಂದೆಂದೂ ಬಿಡದ ಹಾಗೆ ಬಾಣ ಬಿಟ್ಟಳು. ತಿಮ್ಮಣ್ಣನಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಯಿತು ಎಂದು ಒಳಗೊಳಗೇ ಬೀಗಿದೆ.

ಮರುದಿನ ಕುಮಟಾದಿಂದ ಘಟ್ಟ ಹತ್ತಿ ಧಾರವಾಡ ಮುಟ್ಟಿದೆವು. ಮಲಗಲು ಒಂದು ಶಾಲೆಯ ಕೋಣೆ ಕೊಟ್ಟಿದ್ದರು. ಬೆಳಿಗ್ಗೆ ಏಳುವಾಗ ಬಾಯಿಯಿಂದ ಹೊಗೆ ಬರುವಷ್ಟು ಚಳಿ. ನಾಗವೇಣಿಯ ಹತ್ತಿರ ಸ್ವೆಟರ್ ಇರಲಿಲ್ಲ, ನನ್ನದನ್ನು ತೊಡಿಸಿದೆ. ಮೈದಾನದಲ್ಲಿ ತೀರ್ಪುಗಾರರು ಒಬ್ಬೊಬ್ಬರ ಸಾಮಗ್ರಿ ಪರೀಕ್ಷಿಸುತ್ತಿದ್ದರು. ನಮ್ಮ ಪಟ್ಟಿಯನ್ನು ಕೈಗೆತ್ತಿಕೊಂಡವರು ಅದನ್ನು ಬಗ್ಗಿಸಿ, ಆ ಮಡಿಕೆಯ ಜಾಗವನ್ನು ಒತ್ತಿ ಒತ್ತಿ ನೋಡಿದರು. ಹೆದೆಯನ್ನು ಹಿಡಿದಿಡುವ ಸಾಧನ ಏನಾದರೂ ಒಳಗಿದೆಯೇ ಎಂಬುದು ಅವರ ಅನುಮಾನ. ನಾಗವೇಣಿ ಕೈ ಬಿಚ್ಚಿ ಬೆರಳು ತೋರಿಸಿದಳು. ಅವರು ಬೆರಳು ನೋಡಿ, ಪಟ್ಟಿ ನೋಡಿ, ಕೊನೆಗೆ ಸರಿ ಎಂದು ಗುರುತು ಹಾಕಿದರು. ಗಟ್ಟಿಯಿದೆಯಲ್ಲ ಎಂದು ಅವರು ಗೊಣಗಿದ್ದನ್ನು ಕಿವಿ ಕೇಳಿತು, ತಲೆಗೆ ಹೋಗಲಿಲ್ಲ.

ಸ್ಪರ್ಧೆ ಶುರುವಾದಾಗ ಇನ್ನೂ ಬಿಸಿಲು ಬಂದಿರಲಿಲ್ಲ. ಶಿಕ್ಷಕರು ಗೆರೆಯ ಹಿಂದೆ ನಿಲ್ಲಬೇಕು, ಒಳಗೆ ಹೋಗುವಂತಿಲ್ಲ. ನಾನು ಮೊಬೈಲು ಹಿಡಿದು ನಿಂತೆ. ಮೊದಲ ಬಾಣ ಎಡಕ್ಕೆ ಹೋಯಿತು. ಎರಡನೆಯದು ಇನ್ನೂ ಎಡಕ್ಕೆ. ಮೂರನೆಯದು ಫಲಕದ ಅಂಚು ಸವರಿ ಹುಲ್ಲಿಗೆ ಬಿತ್ತು. ಎರಡು ವರ್ಷದಲ್ಲಿ ಅವಳ ಬಾಣ ಹುಲ್ಲಿಗೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಅವಳು ತಿರುಗಿ ನನ್ನ ಕಡೆ ನೋಡಿದಳು. ನಾನು ಭುಜ ಎತ್ತು ಎಂದು ಸನ್ನೆ ಮಾಡಿದೆ. ಭುಜ ಸರಿಯಾಗಿಯೇ ಇತ್ತು. ಮತ್ತೆ ಮೂರು ಬಾಣ, ಮತ್ತೆ ಎಡಕ್ಕೆ. ಪಕ್ಕದ ಹುಡುಗಿಯರ ಬಾಣ ಫಲಕದ ನಡುವಿನ ಹಳದಿಯಲ್ಲಿ ನೆಡುವ ಸದ್ದು ಕೇಳಿಬರುತ್ತಿತ್ತು. ಮೊದಲ ಸುತ್ತು ಮುಗಿಯುವಾಗ ಅವಳ ಹೆಸರು ಅಂಕಪಟ್ಟಿಯ ಕೆಳಗೆ ಹೋಗಿತ್ತು.

ಸುತ್ತುಗಳ ನಡುವೆ ಸಿಕ್ಕಿದ ಸ್ವಲ್ಪ ಹೊತ್ತಿನಲ್ಲಿ ಅವಳು ಬಂದು ನನ್ನೆದುರು ನಿಂತಳು. ತುಟಿ ಒಡೆದಿತ್ತು. ಸವರಲು ಎಣ್ಣೆ ಕೊಡೋಣವೆಂದು ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದು ಬಗ್ಗಿಸಿದೆ. ಎಣ್ಣೆ ಬೀಳಲಿಲ್ಲ. ಬೆಳಕಿಗೆ ಹಿಡಿದರೆ ಬಾಟಲಿಯೊಳಗೆ ಬೆಳ್ಳಗೆ, ಮೇಣದಂತೆ ಹೆಪ್ಪುಗಟ್ಟಿತ್ತು. ನಮ್ಮ ಕಡೆಯೂ ಚಳಿಗಾಲದಲ್ಲಿ ಒಂದೆರಡು ದಿನ ಬಾಟಲಿಯ ಬಾಯಿ ಬೆಳ್ಳಗಾಗುವುದಿದೆ. ಬಿಸಿಲಿಗಿಟ್ಟರೆ ಮುಗಿಯಿತು, ಅದರ ಬಗ್ಗೆ ಯಾರು ಯೋಚಿಸುತ್ತಾರೆ? ನಾನು ಅವಳ ಕೈಯಿಂದ ಪಟ್ಟಿ ತೆಗೆದುಕೊಂಡೆ. ಮಡಿಕೆಯೊಳಗೆಲ್ಲ ಎಣ್ಣೆ ಗಟ್ಟಿಯಾಗಿ ಪಟ್ಟಿ ಹಲಗೆಯಂತಾಗಿತ್ತು.

ಅವಳಿಗೆ ಏನು ಹೇಳಿದೆ ಎಂಬುದು ಇಡೀ ಬರಹದಲ್ಲಿ ಮುಖ್ಯ. "ಚಳಿಗೆ ನಿನ್ನ ಕೈ ಮರಗಟ್ಟಿದೆ. ಪಟ್ಟಿ ಸಮೇತ ಕಂಕುಳಲ್ಲಿ ಇಟ್ಟು ಬಿಸಿ ಮಾಡ್ಕೋ" ಎಂದೆ. ನಿನ್ನ ಕೈ ಎಂದೆ. ಸ್ಪರ್ಧೆಯ ನಡುವೆ ಸಾಮಗ್ರಿ ಕೆಟ್ಟಿದೆ ಎಂದರೆ ಮಗು ಧೈರ್ಯ ಕಳೆದುಕೊಳ್ಳುತ್ತದೆ ಎಂಬ ಕಾರಣ ನನ್ನ ಬಳಿ ಇತ್ತು. ಯಾವ ತರಬೇತುದಾರರನ್ನು ಕೇಳಿದರೂ ಅದು ಸರಿಯಾದ ಕಾರಣವೇ. ಅವಳು ತಲೆಯಾಡಿಸಿ ಕಂಕುಳಲ್ಲಿ ಕೈ ಇಟ್ಟುಕೊಂಡು ನಿಂತಳು. ಅಷ್ಟರಲ್ಲಿ ಬಿಸಿಲೂ ಏರಿತು. ಎರಡನೇ ಸುತ್ತಿನಲ್ಲಿ ಅವಳು ಬಿಟ್ಟ ಬಾಣಗಳನ್ನು ನೋಡಿ ಬೇರೆ ಜಿಲ್ಲೆಯವರು ಇದು ಯಾರು ಎಂದು ವಿಚಾರಿಸಿದರು. ಪ್ರತಿ ಬಾಣಕ್ಕೂ ಹೆಸರು ಮೇಲೆ ಮೇಲೆ ಬಂತು. ನಾನು ಹಲ್ಲು ಕಚ್ಚಿ ಎಣಿಸುತ್ತಿದ್ದೆ. ಕೊನೆಯ ಬಾಣವೂ ಹೋಯಿತು. ಆಯ್ಕೆಯಾದ ಕೊನೆಯ ಹುಡುಗಿಗೂ ನಾಗವೇಣಿಗೂ ನಡುವೆ ಉಳಿದದ್ದು ಹುಲ್ಲಿಗೆ ಬಿದ್ದ ಆ ಒಂದು ಬಾಣದಷ್ಟು ಅಂತರ.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಶಿರಸಿ ದಾಟಿದ ಮೇಲೆ ಬೆಳಗಿನ ವಿಡಿಯೋ ತೋರಿಸಿ ಎಂದಳು. ಆಗ ಹೇಳಬಹುದಿತ್ತು. ಸ್ಪರ್ಧೆ ಮುಗಿದಿತ್ತು, ಧೈರ್ಯ ಕೆಡುವ ನೆಪವೂ ಇರಲಿಲ್ಲ. ಚಾರ್ಜ್ ಇರಲಿಲ್ಲ, ಸರಿಯಾಗಿ ಬಂದಿಲ್ಲ ಎಂದೆ. ಮೊಬೈಲು ನನ್ನ ಮಡಿಲಲ್ಲೇ ಇತ್ತು. ಅವಳು ಕಿಟಕಿಯ ಕಡೆ ತಿರುಗಿ, ಉಂಗುರಬೆರಳನ್ನು ಎಡಗೈಯಲ್ಲಿ ಮುಚ್ಚಿ ಹಿಡಿದುಕೊಂಡು ಕೂತಳು. ಘಟ್ಟ ಇಳಿಯುವ ತನಕ ಹಾಗೇ ಇದ್ದಳು.

ಶಾಲೆಯಲ್ಲಿ ಹೆಡ್ ಮಾಸ್ತರು ಪ್ರಾರ್ಥನೆಯಲ್ಲಿ ಅವಳನ್ನು ಕರೆದು ಚಪ್ಪಾಳೆ ಹೊಡೆಸಿದರು. ನನಗೂ ಹೊಡೆಸಿದರು. ಸಂಜೆ ಅವಳು ಮೈದಾನಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಕರೆಸಿ ಕೇಳಿದರೆ ಪರೀಕ್ಷೆ ಬಂತು ಅಕ್ಕೋರೇ ಎಂದಳು. ಎದುರು ಸಿಕ್ಕಿದಾಗ ಬಲಗೈಯನ್ನು ಪುಸ್ತಕದ ಹಿಂದೆ ಇಟ್ಟುಕೊಳ್ಳುತ್ತಿದ್ದಳು. ಮೊದಲು ಹಾಗೆ ಮಾಡಿದವಳಲ್ಲ. ಮೂರು ವಾರ ಹೀಗೆ ಹೋಯಿತು. ನಾಳೆ ಹೇಳುತ್ತೇನೆ ಎಂದುಕೊಂಡು ಪ್ರತಿದಿನ ಬಸ್ಸು ಹತ್ತುತ್ತಿದ್ದೆ. ಶಿಸ್ತಿನ ಟೀಚರು ಮಗುವಿನ ಎದುರು ನಿಂತು ತಪ್ಪಾಯಿತು ಎನ್ನುವುದು ಹೇಗೆ? ಗೊತ್ತಿರಲಿಲ್ಲ ನನಗೆ. ಯಾವ ತರಬೇತಿಯಲ್ಲೂ ಅದನ್ನು ಕಲಿಸಿರಲಿಲ್ಲ.

ತಿಮ್ಮಣ್ಣನ ಅಂಗಡಿ ತಪ್ಪಿಸಿ ಆಚೆ ಬದಿಯಿಂದ ಓಡಾಡುತ್ತಿದ್ದೆ. ಒಂದು ದಿನ ಚಪ್ಪಲಿಯ ಪಟ್ಟಿ ಕಿತ್ತು ಅಲ್ಲಿಗೇ ಹೋಗಬೇಕಾಯಿತು. ಅವನು ಹುಡುಗಿಯ ವಿಷಯ ಕೇಳಿದ. ನಾನು ಚೀಲದಿಂದ ಬೆರಳಪಟ್ಟಿ ತೆಗೆದು ಕೊಟ್ಟೆ. ಅವನು ಅದನ್ನು ಮೂಗಿನ ಹತ್ತಿರ ಒಯ್ದ. ಮೂಸಿ, ನನ್ನ ಮುಖ ನೋಡಿದ.

"ತೆಂಗಿನೆಣ್ಣೆ ಕುಡ್ಸಿದ್ರಿ."

ಹೌದೆಂದೆ. ನಡೆದದ್ದನ್ನೆಲ್ಲ ಹೇಳಿದೆ. ಅವನು ಬೈಯಲಿಲ್ಲ. ಚಪ್ಪಲಿಯ ಹೊಲಿಗೆ ಮುಗಿಸಿ, ದಾರ ಕತ್ತರಿಸಿ, ಹುಡುಗಿಗೆ ಹೇಳಿದ್ದೀರಾ ಎಂದು ಕೇಳಿದ. ಇಲ್ಲ ಎಂದೆ.

"ಚರ್ಮ ಹಾಳಾದ್ರೆ ಬೇರೆ ಚರ್ಮ ಕೊಯ್ಯೂಕಾತು. ಆ ಹೆಣ್ಣು ತನ್ನ ಕೈಯೇ ಹಾಳು ಅಂದ್ಕಂಡು ಕೂತದಲ್ಲ, ಅದಕ್ಕೆಂತ ಮಾಡ್ತ್ರಿ?"

ಅವನ ಬಾಯಿಂದ ನಾನು ಕೇಳಿದ ಅತಿ ಉದ್ದದ ಮಾತುಗಳಲ್ಲಿ ಅದೊಂದು. ಮರುದಿನ ಭಾನುವಾರ. ಬೆಳಿಗ್ಗೆಯೇ ಭಟ್ಕಳದ ಬಸ್ಸು ಹತ್ತಿ ಮುಟ್ಟಳ್ಳಿಗೆ ಹೋದೆ.

ನಾಗವೇಣಿ ಮನೆಯೆದುರು ತಾಯಿಯ ಜೊತೆ ತೆಂಗಿನ ಗರಿ ಹೆಣೆಯುತ್ತಿದ್ದಳು. ತಾಯಿ ಮಾದೇವಿ ಗಡಬಡಿಸಿ ಎದ್ದು ಕುರ್ಚಿ ತಂದಿಟ್ಟಳು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನಿಸಿತು. ಮೊಬೈಲು ತೆಗೆದು ಧಾರವಾಡದ ಆ ವಿಡಿಯೋವನ್ನು ನಿಧಾನಗತಿಯಲ್ಲಿ ಹಾಕಿ ನಾಗವೇಣಿಯ ಕೈಗೆ ಕೊಟ್ಟೆ. ಪಟ್ಟಿ ಬಗ್ಗದೆ ನಿಂತದ್ದು, ಹೆದೆ ಅದಕ್ಕೆ ಸಿಕ್ಕಿ ತಡೆದು ಹೋದದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಎಣ್ಣೆಯ ವಿಷಯ ಹೇಳಿದೆ, ತಿಮ್ಮಣ್ಣನ ಮಾತು ಮೀರಿದ್ದು ಹೇಳಿದೆ, ಬಸ್ಸಿನಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ವಿಡಿಯೋವನ್ನು ಮೂರು ಸಲ ನೋಡಿದಳು.

"ಹಂಗಾರೆ ನನ್ನ ಬೆರಳಲ್ಲ?"

ಅಲ್ಲ ಎಂದೆ.

"ನನ್ನ ಬೆರಳಿಂದ ಆದದ್ದಲ್ಲ?"

ಅಲ್ಲವೇ ಅಲ್ಲ, ನನ್ನಿಂದ ಆದದ್ದು ಎಂದೆ. ಅವಳ ಮುಖದಲ್ಲಿ ಸಿಟ್ಟು ಬರಬಹುದೆಂದು ಕಾದಿದ್ದೆ, ಅದಕ್ಕೆ ತಯಾರಾಗಿ ಬಂದಿದ್ದೆ. ಬಂದದ್ದು ಸಿಟ್ಟಲ್ಲ. ಬಹಳ ದಿನದ ಜ್ವರ ಇಳಿದ ಮಕ್ಕಳ ಮುಖ ಇರುತ್ತದಲ್ಲ, ಹಾಗಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಮೂರು ವಾರ ಅವಳು ಹೊತ್ತದ್ದು ಎಷ್ಟು ಭಾರ ಎಂದು ಆಗ ಗೊತ್ತಾಯಿತು.

ಮಾದೇವಿ ಅಷ್ಟು ಹೊತ್ತೂ ಗರಿ ಹಿಡಿದು ನಿಂತೇ ಇದ್ದಳು. ನಿಧಾನಕ್ಕೆ, ಯಾರನ್ನೂ ನೋಡದೆ ಹೇಳಿದಳು:

"ಅಕ್ಕೋರೇ, ಗದ್ದೆಲಿ ಅದ್ರ ಬೆರಳು ಹೋದದ್ದು ನನ್ನ ಕತ್ತಿಗೆ. ಇದು ಭತ್ತದ ಸೂಡಿ ಹಿಡ್ಕಂಡು ಎದ್ರಿಗೆ ಬಂದಿತ್ತು, ನಾ ನೋಡ್ಲಿಲ್ಲ. ಅಮ್ಮನ ಕೈ ತಪ್ಪಿತು ಮಗಾ ಅಂತ ಆಸ್ಪತ್ರೆಗೆ ಹೋಪು ದಾರಿಲೇ ಹೇಳಿದ್ದೆ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಚುಚ್ಚಲು ಹೇಳಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಆ ಹೆಂಗಸು ದಾರಿಯಲ್ಲೇ ಮಾಡಿ ಮುಗಿಸಿದ್ದ ಕೆಲಸಕ್ಕೆ ನನಗೆ ಮೂರು ವಾರ ಬೇಕಾಗಿತ್ತು. ನಾನು ಆಗ ಕುರ್ಚಿಯ ಮೇಲೆ ಕೂತೆ. ನಾಗವೇಣಿ ಒಳಗೆ ಹೋಗಿ ನೀರು ಬೆಲ್ಲ ತಂದಳು. ಲೋಟ ಕೊಡುವಾಗ, "ಅವತ್ತೇ ಹೇಳ್ಬೇಕಿತ್ತು ಅಕ್ಕೋರೇ" ಎಂದಳು. ಅದಕ್ಕಿಂತ ಹೆಚ್ಚಿಗೆ ಯಾವತ್ತೂ ಏನೂ ಹೇಳಲಿಲ್ಲ.

ಆಯ್ಕೆ ಮತ್ತೆ ನಡೆಯಲಿಲ್ಲ. ನಾನು ಕಚೇರಿಗೆ ನನ್ನ ತಪ್ಪನ್ನು ಒಪ್ಪಿಕೊಂಡು ಅರ್ಜಿ ಬರೆದೆ. ನಿಯಮದಲ್ಲಿ ಅವಕಾಶವಿಲ್ಲ ಎಂದರು. ವಸತಿಶಾಲೆಯ ಬಾಗಿಲು ಅವಳ ಪಾಲಿಗೆ ಮುಚ್ಚಿಯೇ ಹೋಯಿತು. ಅದನ್ನು ತೆರೆಸಲು ನನ್ನಿಂದ ಆಗಲಿಲ್ಲ, ಆ ನೋವು ಹಾಗೇ ಇದೆ. ಆದರೆ ಮರು ವಾರದಿಂದ ಅವಳು ಮೈದಾನಕ್ಕೆ ಬಂದಳು. ಪರೀಕ್ಷೆ ಮುಗಿದ ರಜೆಯಲ್ಲಿ ಹೊನ್ನಾವರಕ್ಕೆ ಹೋಗಿ ತಿಮ್ಮಣ್ಣನೆದುರು ಕೂತಳಂತೆ. ನನಗೆ ಹೇಳಿರಲಿಲ್ಲ. ತಿಮ್ಮಣ್ಣನೇ ಹೇಳಿದ, ನಾನು ಮೂರು ತುಂಡು ಕೊಯ್ದ ಕಡೆ ಅವಳು ಮೊದಲ ತುಂಡಿನಲ್ಲೇ ಬಲಗೈಗೆ ಸರಿಯಾಗಿ ಕೊಯ್ದಳು ಎಂದು. ಬಟ್ಟೆ ಅಂಗಡಿಯ ಮಾತನ್ನು ಮಾದೇವಿಯೇ ಒಂದು ವರ್ಷ ಮುಂದಕ್ಕೆ ಹಾಕಿ, ಮಗಳನ್ನು ಕುಮಟಾದ ಕಾಲೇಜಿಗೆ ಸೇರಿಸಿದಳು.

ಆ ವರ್ಷ ಕಾಲೇಜುಗಳ ಸ್ಪರ್ಧೆ ಕುಮಟಾದಲ್ಲೇ ಇತ್ತು. ನನ್ನನ್ನು ಸಹಾಯಕ್ಕೆ ಕರೆದಿದ್ದರು. ನಾಗವೇಣಿ ಬಿಲ್ಲು ಹಿಡಿದು ಗೆರೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಹೊಸ ಬೆರಳಪಟ್ಟಿ, ಹೊಲಿಗೆ ಒತ್ತಾಗಿ, ಸಾಲು ತಪ್ಪದೆ ಇತ್ತು. ನಾನು ಅಭ್ಯಾಸಬಲದಿಂದ ಹತ್ತಿರ ಹೋಗಿ ಕೈ ಚಾಚಿ, ಪಟ್ಟಿ ತೋರಿಸು ಎಂದೆ.

ಅವಳು ಮುಷ್ಟಿ ಮುಚ್ಚಿದಳು.

"ಬೇಡ ಅಕ್ಕೋರೇ. ನಾ ನೋಡ್ಕಂಡಾತು."

ಧ್ವನಿಯಲ್ಲಿ ಕೋಪ ಇರಲಿಲ್ಲ, ಮರ್ಯಾದೆಗೂ ಕಡಿಮೆ ಇರಲಿಲ್ಲ. ನಾನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಗೆರೆಯ ಹಿಂದೆ ಉಳಿದ ಶಿಕ್ಷಕರ ಸಾಲಿನಲ್ಲಿ ಹೋಗಿ ನಿಂತೆ.